ತೂತಿನ ತಾಮ್ರದ ಬಟ್ಟಲು: ಗುಜರಿಗೆ ಹಾಕುವ ಮುನ್ನ ನೀರಿನಲ್ಲಿ ಬಿಟ್ಟು ನೋಡಿ



ಅಡಿಕೆಗೆ ನಾಲ್ಕು ಕಾಸು ಬೆಲೆ ಬಂದ ವರ್ಷಗಳಲ್ಲೆಲ್ಲ ನಮ್ಮ ಕಡೆ ಹಳೆಯ ಮನೆ ಕೆಡವಿ ಹೊಸ ಮನೆ ಕಟ್ಟಿಸುವ ಕೆಲಸ ಜೋರಾಗಿ ನಡೆಯುತ್ತದೆ. ಗೋವಿನಕೋವಿ ಹೋಬಳಿಯಿರಲಿ, ಹೊನ್ನಾಳಿ-ಚನ್ನಗಿರಿಯ ಅಡಿಕೆ ಸೀಮೆಯಿರಲಿ, ತೊಲೆ-ಜಂತೆಯ ಮಾಳಿಗೆ ಮನೆ ಇಳಿಸಿದಾಗ ಅಟ್ಟದಿಂದಲೂ ನಾಗಂದಿಗೆಯಿಂದಲೂ ಇಳಿಯುವ ಸಾಮಾನು ಒಂದೆರಡು ಗಾಡಿಯಷ್ಟಾಗುತ್ತದೆ. ಅಡಿಕೆ ಬೇಯಿಸುತ್ತಿದ್ದ ತಳ ಸವೆದ ಹಂಡೆ, ಕಿವಿ ಮುರಿದ ಕೊಪ್ಪರಿಗೆ, ಹಿತ್ತಾಳೆಯ ಹರಿವಾಣ, ಸೇರು, ಪಾವು, ಕೊಳಗ. ಇವುಗಳ ಹೆಸರು ಮನೆಯ ಹಿರಿಯರಿಗೆ ಗೊತ್ತು. ಇವುಗಳ ನಡುವೆ ಒಮ್ಮೊಮ್ಮೆ ಒಂದು ತೆಳ್ಳನೆಯ ತಾಮ್ರದ ಬಟ್ಟಲು ಕಾಣಿಸಿಕೊಳ್ಳುತ್ತದೆ. ತೆಂಗಿನ ಚಿಪ್ಪಿನಂತೆ ಗುಂಡಗಿನ ತಳ; ಹಿಡಿಯಿಲ್ಲ, ಕಾಲಿಲ್ಲ, ಚಿತ್ತಾರವಿಲ್ಲ. ತಳದ ಸರಿಯಾಗಿ ನಟ್ಟನಡುವೆ ಒಂದು ಸಣ್ಣ ತೂತು.

ತೂತಿನ ಪಾತ್ರೆ ಯಾರಿಗೆ ಬೇಕು? ಬೆಸುಗೆ ಹಾಕಿಸುವಷ್ಟು ದೊಡ್ಡದೂ ಅಲ್ಲ, ಇಟ್ಟುಕೊಳ್ಳುವಷ್ಟು ಚೆಂದವೂ ಇಲ್ಲ. ಆದುದರಿಂದ ಅದು ಹಂಡೆಯ ಜೊತೆಯಲ್ಲಿ ಗುಜರಿಯವನ ತಕ್ಕಡಿಗೆ ಏರುತ್ತದೆ. ತಾಮ್ರದ ತೂಕಕ್ಕೆ ಕೆಲವು ನೂರು ರೂಪಾಯಿ ಕೈಗೆ ಬರುತ್ತದೆ. ಮಾರನೆಯ ದಿನ ಬಟ್ಟಲು ಕುಲುಮೆಯಲ್ಲಿ ಕರಗುತ್ತದೆ.

ಹೀಗೆ ಹೋದದ್ದು ಒಡೆದ ಪಾತ್ರೆಯಲ್ಲ, ಮನೆಯ ಗಡಿಯಾರವಾಗಿರಬಹುದು. ಆ ತೂತು ಸವೆದು ಬಿದ್ದದ್ದಲ್ಲ, ಲೆಕ್ಕ ಹಾಕಿ ಕೊರೆದದ್ದಾಗಿರಬಹುದು. ಇಂಥ ಬಟ್ಟಲಿಗೆ ನಮ್ಮವರು ಇಟ್ಟ ಹೆಸರು ಗಳಿಗೆ ಬಟ್ಟಲು. ಅದನ್ನು ಗುರುತಿಸುವುದು ಹೇಗೆ, ಮನೆಯಲ್ಲಿಯೇ ಪರೀಕ್ಷಿಸುವುದು ಹೇಗೆ, ಗುರುತಿಸಿದ ಮೇಲೆ ಯಾವ ಮಾತಿಗೆ ಮರುಳಾಗಬಾರದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗಳಿಗೆ ಬಟ್ಟಲು ಎಂದರೇನು?

ಅಗಲ ಬಾಯಿಯ ಪಾತ್ರೆಯೊಂದರಲ್ಲಿ ನೀರು ತುಂಬಿ, ಅದರ ಮೇಲೆ ಈ ಬಟ್ಟಲನ್ನು ಬರಿದಾಗಿ ತೇಲಿಬಿಡುತ್ತಾರೆ. ತಳದ ತೂತಿನಿಂದ ನೀರು ಸಣ್ಣ ಎಳೆಯಾಗಿ ಒಳಗೆ ಬರತೊಡಗುತ್ತದೆ. ಬಟ್ಟಲು ಮೆಲ್ಲಮೆಲ್ಲನೆ ತಗ್ಗುತ್ತ ಹೋಗಿ, ಕೊನೆಗೆ ಅಂಚಿನ ಮೇಲೆ ನೀರು ಹರಿದೊಡನೆ ಮುಳುಗಿ ತಳಕ್ಕೆ ತಾಗಿ ಸದ್ದು ಮಾಡುತ್ತದೆ. ತೇಲಿಬಿಟ್ಟ ಕ್ಷಣದಿಂದ ಮುಳುಗಿದ ಕ್ಷಣದವರೆಗಿನ ಕಾಲವೇ ಒಂದು ಗಳಿಗೆ, ಎಂದರೆ ಇಂದಿನ ಲೆಕ್ಕದಲ್ಲಿ 24 ನಿಮಿಷ. ಪಕ್ಕದಲ್ಲಿ ಕುಳಿತವನು ಕೂಡಲೇ ಬಟ್ಟಲನ್ನೆತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡಬೇಕು. ಸೂರ್ಯೋದಯದಿಂದ ಮರುದಿನದ ಸೂರ್ಯೋದಯಕ್ಕೆ ಅದು 60 ಸಲ ಮುಳುಗಬೇಕು.

ಹಳೆಯ ಕಾಲಮಾನವನ್ನು ಮರೆತವರಿಗಾಗಿ ಒಂದು ಪುಟ್ಟ ಕೋಷ್ಟಕ:

60 ವಿಗಳಿಗೆ = 1 ಗಳಿಗೆ = 24 ನಿಮಿಷ
2 ಗಳಿಗೆ = 1 ಮುಹೂರ್ತ = 48 ನಿಮಿಷ
ಎರಡೂವರೆ ಗಳಿಗೆ = 1 ಗಂಟೆ
ಏಳೂವರೆ ಗಳಿಗೆ = 1 ಜಾವ = 3 ಗಂಟೆ
60 ಗಳಿಗೆ = ಒಂದು ಹಗಲು, ಒಂದು ರಾತ್ರಿ

ಸಂಸ್ಕೃತದ 'ಘಟಿ', 'ಘಟಿಕಾ' ಎಂದರೆ ಸಣ್ಣ ಮಡಕೆ. ಆ ಘಟಿಕೆಯೇ ನಮ್ಮ ಬಾಯಲ್ಲಿ 'ಗಳಿಗೆ' ಆಯಿತು. ಕಾಲ ಅಳೆಯುವ ಪಾತ್ರೆಯ ಹೆಸರೇ ಕಾಲಕ್ಕೆ ಹೆಸರಾಯಿತು. ಗೋಡೆಯ ಮೇಲಿನ 'ಗಡಿಯಾರ'ದ ಹೆಸರಿನಲ್ಲಿಯೂ ಅದೇ ಘಟಿ ಅಡಗಿದೆ. ಒಳ್ಳೆ ಗಳಿಗೆ, ಕೆಟ್ಟ ಗಳಿಗೆ, ಗಳಿಗೆ ಕೂಡಿ ಬರಲಿಲ್ಲ, ಗಳಿಗೆಗೊಂದು ಮಾತು ಎಂದು ದಿನ ಬೆಳಗಾದರೆ ನಾವು ಆಡುವ ಮಾತುಗಳೆಲ್ಲ ಈ ಬಟ್ಟಲಿನಿಂದ ಬಂದವೇ.

ಪಂಚಾಂಗದಲ್ಲಿ ತಿಥಿ, ನಕ್ಷತ್ರಗಳ ಮುಂದೆ ಕಾಣುವ ಅಂಕಿಗಳೂ ಇದೇ ಲೆಕ್ಕದವು. ಗಳಿಗೆ ಲೆಕ್ಕದ ಪಂಚಾಂಗದಲ್ಲಿ ಒಂದು ತಿಥಿಯ ಮುಂದೆ 12-30 ಎಂದಿದ್ದರೆ ಹನ್ನೆರಡೂವರೆ ಗಂಟೆಗೆ ಎಂದು ಅರ್ಥವಲ್ಲ. ಸೂರ್ಯೋದಯವಾದ ಮೇಲೆ 12 ಗಳಿಗೆ 30 ವಿಗಳಿಗೆ, ಎಂದರೆ ಸರಿಯಾಗಿ 5 ಗಂಟೆ ಕಳೆದಾಗ ಆ ತಿಥಿ ಮುಗಿಯುತ್ತದೆ. ಆ ದಿನ ಸೂರ್ಯೋದಯ 6 ಗಂಟೆ 20 ನಿಮಿಷಕ್ಕಾದರೆ ತಿಥಿ ಮುಗಿಯುವುದು 11 ಗಂಟೆ 20 ನಿಮಿಷಕ್ಕೆ.

ತೂತಿದ್ದದ್ದೆಲ್ಲ ಗಳಿಗೆ ಬಟ್ಟಲಲ್ಲ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ತೂತಿರುವ ಲೋಹದ ಪಾತ್ರೆ ಹಳೆಯ ಮನೆಗಳಲ್ಲಿ ಐದಾರು ಬಗೆಯವು ಇರುತ್ತವೆ. ಒಂದೊಂದಕ್ಕೂ ಅದರದೇ ಗುರುತುಂಟು. ವಸ್ತುವನ್ನು ಬೆಳಕಿಗೆ ಹಿಡಿದು ಈ ಕ್ರಮದಲ್ಲಿ ನೋಡಿ.

ತೂತು ಎಲ್ಲಿದೆ? ತೂತುಗಳು ಅಂಚಿನಲ್ಲಿದ್ದು, ಮೂರೋ ನಾಲ್ಕೋ ಸಮದೂರದಲ್ಲಿದ್ದರೆ ಅದು ಹೆಚ್ಚಾಗಿ ತಕ್ಕಡಿಯ ತಟ್ಟೆ. ಹಗ್ಗ ಅಥವಾ ಸರಪಣಿ ಕಟ್ಟಲು ಕೊರೆದದ್ದು. ದಪ್ಪ ಕಂಚಿನ ತಟ್ಟೆಯಾಗಿದ್ದು, ಅಂಚಿನ ಒಂದೇ ಕಡೆ ಎರಡು ತೂತಿದ್ದರೆ ಜಾಗಟೆ. ಬಡಿದರೆ ಅದೇ ಹೇಳುತ್ತದೆ.

ತೂತು ಎಷ್ಟಿವೆ? ತಳದ ತುಂಬ ಸಾಲು ತೂತುಗಳಿದ್ದರೆ ಅದು ಜರಡಿ, ಇಲ್ಲವೆ ಶಾವಿಗೆ ಒತ್ತುವ ಸಾಧನದ ಬಿಲ್ಲೆ. ಗಳಿಗೆ ಬಟ್ಟಲಿಗೆ ಒಂದೇ ತೂತು.

ಲೋಹ ಎಷ್ಟು ದಪ್ಪ? ಗುಂಡಗಿನ ಸಣ್ಣ ಬಟ್ಟಲಿನ ನಡುವೆ ದಾರ ತೂರುವಷ್ಟು ತೂತಿದ್ದು, ಲೋಹ ಕಂಚಾಗಿ ದಪ್ಪವಾಗಿದ್ದರೆ ಅದು ಭಜನೆಯ ತಾಳದ ಒಂದು ಬಿಲ್ಲೆ. ಅದರ ಜೋಡಿ ಕಳೆದುಹೋಗಿರುತ್ತದೆ, ಅಷ್ಟೆ. ಗಳಿಗೆ ಬಟ್ಟಲು ತೇಲಬೇಕಾದುದರಿಂದ ಅದರ ತಗಡು ತೆಳುವು.

ತೂಗುಹಾಕುವ ಬಳೆಗಳಿವೆಯೇ? ತಳ ಕೊಂಚ ಚೂಪಾಗಿದ್ದು, ಕಂಠದ ಬಳಿ ಸರಪಣಿಗೆ ಬಳೆಗಳಿದ್ದರೆ ಅದು ಶಿವಲಿಂಗದ ಮೇಲೆ ತೂಗುಹಾಕುವ ಧಾರಾಪಾತ್ರೆ. ಅದರಲ್ಲಿ ನೀರು ಮೇಲಿನಿಂದ ಕೆಳಕ್ಕೆ ತೊಟ್ಟಿಕ್ಕುತ್ತದೆ. ಗಳಿಗೆ ಬಟ್ಟಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಎರಡನ್ನೂ ಒಂದೇ ಎಂದು ತಿಳಿಯುವುದು ಸುಲಭ. ಬಳೆಗಳನ್ನೋ, ಬಳೆ ಕಿತ್ತ ಕಲೆಯನ್ನೋ ಹುಡುಕಿದರೆ ಅನುಮಾನ ತೀರುತ್ತದೆ.

ತೂತಿನ ಅಂಚು ಹೇಗಿದೆ? ಸವೆದು ಬಿದ್ದ ತೂತು ಒಂದು ಬದಿಗಿರುತ್ತದೆ, ಆಕಾರ ಅಂಕುಡೊಂಕಾಗಿರುತ್ತದೆ, ಸುತ್ತಲಿನ ತಗಡು ಕಾಗದದಂತೆ ತೆಳುವಾಗಿರುತ್ತದೆ. ಕೊರೆದ ತೂತು ನಟ್ಟನಡುವೆ, ದುಂಡಗೆ, ಅಂಚು ನುಣ್ಣಗೆ ಇರುತ್ತದೆ. ಅದರ ಅಗಲ ಬಟ್ಟಲಿನ ಗಾತ್ರಕ್ಕೆ ತಕ್ಕಂತೆ. ಅಂಗೈಯಲ್ಲಿ ಹಿಡಿಯುವ ಬಟ್ಟಲಿಗೆ ಸೂಜಿ ತೂರುವಷ್ಟಿದ್ದರೆ ಸಾಕು, ದೊಡ್ಡದಕ್ಕೆ ಸಣ್ಣ ಮೊಳೆಯಷ್ಟು ಬೇಕಾಗುತ್ತದೆ.

ಒಲೆಯ ಗುರುತುಂಟೇ? ಹೊರಗೆ ಮಸಿ, ಒಳಗೆ ಕಲಾಯಿ ಇದ್ದರೆ ಅದು ಅಡುಗೆಗೆ ಬಳಸಿದ ಪಾತ್ರೆ. ಗಳಿಗೆ ಬಟ್ಟಲು ಒಲೆ ಕಂಡದ್ದಲ್ಲ. ನೀರಿನ ಕಲೆ, ಹಸಿರು ಕಿಲುಬು ಮಾತ್ರ ಅದರ ಮೇಲಿರುತ್ತದೆ.

ಮನೆಯಲ್ಲಿಯೇ ಮಾಡುವ ಪರೀಕ್ಷೆ

ಇಷ್ಟೂ ಗುರುತು ಹೊಂದಿದರೆ ಕೊನೆಯ ಸಾಕ್ಷಿಯನ್ನು ನೀರೇ ಹೇಳುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಮೊದಲಿಗೆ, ಬಟ್ಟಲನ್ನು ಉಜ್ಜಬೇಡಿ. ಹುಣಿಸೆಹಣ್ಣು, ನಿಂಬೆಹುಳಿ, ಬೂದಿ, ಅಂಗಡಿಯ ಪಾತ್ರೆಪುಡಿ, ಮರಳುಕಾಗದ ಯಾವುದೂ ಬೇಡ. ಹುಳಿ ತಾಮ್ರವನ್ನು ತಿನ್ನುತ್ತದೆ. ತೂತಿನ ಅಂಚು ಕೂದಲೆಳೆಯಷ್ಟು ಸವೆದರೂ ಕಾಲದ ಲೆಕ್ಕ ಕೆಡುತ್ತದೆ. ತೂತು ಮಣ್ಣಿನಿಂದ ಮುಚ್ಚಿದ್ದರೆ ಸೂಜಿ, ದಬ್ಬಣ ಹಾಕಿ ತಿವಿಯಬೇಡಿ. ಒಂದು ರಾತ್ರಿ ಬರಿಯ ನೀರಿನಲ್ಲಿ ನೆನೆಯಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಪೊರಕೆ ಕಡ್ಡಿಯ ಮೆತ್ತನೆಯ ತುದಿಯಿಂದ ಮೆಲ್ಲಗೆ ಬಿಡಿಸಿದರೆ ಸಾಕು.

ಬಟ್ಟಲಿಗಿಂತ ಎರಡರಷ್ಟಾದರೂ ಅಗಲ ಮತ್ತು ಆಳವಿರುವ ಪಾತ್ರೆ ತೆಗೆದುಕೊಳ್ಳಿ. ಅಡಿಕೆ ಬೇಯಿಸಿದ ಹಂಡೆ ಬೇಡ. ಚೊಗರಿನ ಅಂಶ ಉಳಿದಿದ್ದರೆ ತೂತು ಕಟ್ಟಿಕೊಳ್ಳುತ್ತದೆ. ತಿಳಿ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿರಿ. ಗಾಳಿಯಿಲ್ಲದ, ಸಮತಟ್ಟಾದ ಜಾಗದಲ್ಲಿಟ್ಟು ನೀರಿನ ಅಲುಗಾಟ ನಿಲ್ಲುವವರೆಗೆ ಕಾಯಿರಿ. ಬಳಿಕ ಒಣಗಿದ ಬಟ್ಟಲನ್ನು ನೀರಿನ ಮೇಲೆ ನೇರವಾಗಿ ಇಟ್ಟು ಕೈ ಬಿಡಿ. ಅದೇ ಕ್ಷಣದಲ್ಲಿ ಗಡಿಯಾರ ನೋಡಿ ಬರೆದುಕೊಳ್ಳಿ. ಮುಳುಗಿದಾಗ ಮತ್ತೆ ಬರೆದುಕೊಳ್ಳಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಬಟ್ಟಲು ಒಂದೆರಡು ನಿಮಿಷದಲ್ಲಿ ಮುಳುಗಿದರೆ, ಇಲ್ಲವೆ ಓರೆಯಾಗಿ ಮಗುಚಿಕೊಂಡರೆ, ಅದು ಈ ಕೆಲಸಕ್ಕೆ ಮಾಡಿದ್ದಲ್ಲ ಅಥವಾ ಬಹಳ ಕೆಟ್ಟಿದೆ ಎಂದು ತಿಳಿಯಿರಿ. ನೆಟ್ಟಗೆ ನಿಂತು, ಮೂರು ಸಲವೂ ಹೆಚ್ಚು ಕಡಿಮೆ ಒಂದೇ ಹೊತ್ತು ತೆಗೆದುಕೊಂಡು, ಆ ಹೊತ್ತು 24 ನಿಮಿಷದ ಆಸುಪಾಸಿನಲ್ಲಿದ್ದರೆ ನಿಮ್ಮ ಕೈಯಲ್ಲಿರುವುದು ಗಳಿಗೆ ಬಟ್ಟಲು ಎನ್ನಲು ಅಡ್ಡಿಯಿಲ್ಲ. ಎರಡು ಮೂರು ನಿಮಿಷ ಹೆಚ್ಚು ಕಡಿಮೆಯಾದರೆ ನಿರಾಶರಾಗಬೇಕಿಲ್ಲ. ಬಟ್ಟಲಿನ ಭಾರ, ಒಡಲಿನ ಗಾತ್ರ, ತೂತಿನ ಅಗಲ ಈ ಮೂರರ ಹೊಂದಾಣಿಕೆಯಿಂದ ಕಾಲ ನಿಲ್ಲುತ್ತದೆ. ತೂತು ಸವೆದರೆ ಬೇಗ ಮುಳುಗುತ್ತದೆ. ಕಿಲುಬು ಕಟ್ಟಿದರೆ ತಡವಾಗುತ್ತದೆ. ಅಂಚು ನಗ್ಗಿದ್ದರೆ ನೀರು ಬೇಗ ಒಳನುಗ್ಗುತ್ತದೆ. ಚಳಿಗಾಲದ ತಣ್ಣೀರು ಬೇಸಿಗೆಯ ನೀರಿಗಿಂತ ತುಸು ಮಂದ. ಸಣ್ಣ ತೂತಿನಲ್ಲಿ ಅದು ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ಪರೀಕ್ಷೆ ಮಾಡಿದ ತಿಂಗಳು ಮತ್ತು ಹೊತ್ತನ್ನೂ ಬರೆದಿಡುವುದು ಒಳ್ಳೆಯದು.

ಶಾಸ್ತ್ರ ಏನು ಹೇಳಿತು?

ಈ ಬಟ್ಟಲು ಹಳ್ಳಿಯವರ ಕೈಗೆಲಸದ ಉಪಾಯ ಮಾತ್ರವಲ್ಲ. ನಮ್ಮ ಖಗೋಳ ಗ್ರಂಥಗಳಲ್ಲಿ ಇದಕ್ಕೆ ಸ್ಥಾನವಿದೆ. ತಳದಲ್ಲಿ ತೂತಿರುವ ತಾಮ್ರದ ಪಾತ್ರೆ ಶುದ್ಧ ನೀರಿನ ಕುಂಡದಲ್ಲಿ ಒಂದು ಹಗಲು ರಾತ್ರಿಗೆ 60 ಸಲ ಮುಳುಗಿದರೆ ಅದೇ ಸರಿಯಾದ ಯಂತ್ರ ಎಂಬ ವಿವರಣೆ ಸೂರ್ಯಸಿದ್ಧಾಂತದಲ್ಲಿದೆ. ಬೇರೆ ಗ್ರಂಥಗಳು ಅಳತೆಯನ್ನೂ ಕೊಟ್ಟವು. 10 ಪಲ ತೂಕದ ತಾಮ್ರ, 6 ಅಂಗುಲ ಎತ್ತರ, 12 ಅಂಗುಲ ಅಗಲ, 60 ಪಲ ನೀರು ಹಿಡಿಯುವ ಒಡಲು, ತೂತು ಕೊರೆಯಲು ಇಂತಿಷ್ಟು ತೂಕದ 4 ಅಂಗುಲ ಉದ್ದದ ಚಿನ್ನದ ಕಡ್ಡಿ. ಇಲ್ಲಿ ಅಂಗುಲವೆಂದರೆ ಇಂದಿನ ಇಂಚಲ್ಲ, ಒಂದು ಬೆರಳಿನ ಅಗಲ.

ಆದರೆ 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯರು ಈ ಅಳತೆಗಳ ಕಟ್ಟುಪಾಡನ್ನು ಒಪ್ಪಲಿಲ್ಲ. ಅಷ್ಟು ನಿಖರವಾಗಿ ಮಾಡುವುದು ಕಷ್ಟ, ಅದಕ್ಕೆ ತಕ್ಕ ಕಾರಣವೂ ಇಲ್ಲ; ಬಟ್ಟಲು ಯಾವ ಗಾತ್ರದ್ದಾದರೂ ಇರಲಿ, ಹಗಲು ರಾತ್ರಿಯಲ್ಲಿ ಅದು ಎಷ್ಟು ಸಲ ಮುಳುಗಿತು ಎಂದು ಎಣಿಸಿ ಭಾಗಿಸಿದರೆ ಒಂದು ಮುಳುಗಿಗೆ ಎಷ್ಟು ಕಾಲವೆಂಬುದು ತಿಳಿಯುತ್ತದೆ ಎಂಬುದು ಅವರ ನಿಲುವು. ತನ್ನ ಹೊಲದ ಮಣ್ಣನ್ನು ತಾನೇ ಪರೀಕ್ಷಿಸಿ ಗೊಬ್ಬರ ಹಾಕುವ ರೈತನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಪುಸ್ತಕದ ಅಳತೆಗಿಂತ ಕೈಯಲ್ಲಿರುವ ವಸ್ತುವಿನ ನಡವಳಿಕೆ ಮುಖ್ಯ. ಹಳೆಯ ಬಟ್ಟಲುಗಳು ಒಂದರಂತೆ ಒಂದು ಇಲ್ಲದಿರುವುದಕ್ಕೂ ಇದೇ ಕಾರಣ.

7ನೆಯ ಶತಮಾನದಲ್ಲಿ ಚೀನದಿಂದ ಬಂದ ಇತ್ಸಿಂಗ್ ಎಂಬ ಭಿಕ್ಷು ನಳಂದದಲ್ಲಿ ಇಂಥ ತಾಮ್ರದ ಬಟ್ಟಲನ್ನು ಕಂಡು, ಅದು ಮುಳುಗಿದಾಗಲೆಲ್ಲ ನಗಾರಿ ಬಾರಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 16ನೆಯ ಶತಮಾನದಲ್ಲಿ ಬಾಬರನೂ ತನ್ನ ಆತ್ಮಕಥೆಯಲ್ಲಿ ಹಿಂದೂಸ್ಥಾನದ ಊರುಗಳಲ್ಲಿ ಗಳಿಗೆ ಎಣಿಸಿ ದಪ್ಪ ಹಿತ್ತಾಳೆಯ ತಟ್ಟೆ ಬಡಿಯುವವರನ್ನು ವಿವರಿಸಿದ್ದಾನೆ. ಅರಮನೆ, ದೇವಾಲಯ, ವಿದ್ಯಾಪೀಠಗಳಲ್ಲಿ ಕೆಲಸ ಮಾಡಿದ ಯಂತ್ರವೇ ಮನೆಗಳ ಅಟ್ಟಕ್ಕೂ ಬಂದಿದೆ. ಮದುವೆಯ ಮುಹೂರ್ತ ತಪ್ಪಬಾರದು, ಹುಟ್ಟಿದ ಮಗುವಿನ ಜಾತಕಕ್ಕೆ ಸರಿಯಾದ ಹೊತ್ತು ಬೇಕು. ಮೋಡ ಕವಿದ ಮಳೆಗಾಲದಲ್ಲಿ ನೆರಳು ನೋಡಿ ಹೊತ್ತು ಹೇಳಲಾಗದು, ರಾತ್ರಿಯಲ್ಲಂತೂ ನೆರಳೇ ಇಲ್ಲ. ಆಗ ಈ ಬಟ್ಟಲೇ ದಿಕ್ಕು.

ನೀರಿನ ಸರದಿಗೂ ಇದೇ ಬಟ್ಟಲು

ತೋಟಗಾರರಾದ ನಮಗೆ ಇನ್ನೊಂದು ಸಂಗತಿ ಹಿತವೆನಿಸೀತು. ಇರಾನ್ ದೇಶದ ಒಣ ಸೀಮೆಗಳಲ್ಲಿ ಬೆಟ್ಟದ ಬುಡದಿಂದ ನೆಲದೊಳಗೆ ಸುರಂಗ ತೋಡಿ ನೀರು ತರುವ ಪದ್ಧತಿ ಸಾವಿರಾರು ವರ್ಷ ಹಳೆಯದು. ನಮ್ಮ ಕರಾವಳಿಯ ಅಡಿಕೆ ತೋಟದ ಸುರಂಗಗಳನ್ನು ನೋಡಿದವರಿಗೆ ಅದರ ಕಲ್ಪನೆ ಸುಲಭ. ಆ ನೀರನ್ನು ಊರಿನ ರೈತರು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದರು. ಯಾರಿಗೆ ಎಷ್ಟು ಹೊತ್ತು ಎಂಬುದನ್ನು ಅಳೆಯುತ್ತಿದ್ದುದು ತೂತಿನ ಬಟ್ಟಲಿನಿಂದಲೇ. ಊರು ನಂಬಿದ ಹಿರಿಯನೊಬ್ಬ ನೀರಿನ ಪಾತ್ರೆಯ ಬಳಿ ಕುಳಿತು ಬಟ್ಟಲು ಎಷ್ಟು ಸಲ ಮುಳುಗಿತೆಂದು ಎಣಿಸುತ್ತಿದ್ದ. ಈ ಪದ್ಧತಿ ಅಲ್ಲಿನ ಕೆಲವು ಹಳ್ಳಿಗಳಲ್ಲಿ 20ನೆಯ ಶತಮಾನದವರೆಗೂ ನಡೆದು ಬಂತು.

ನಾಲೆಯ ನೀರಿಗೆ ಸರದಿ ಕಾದು, ರಾತ್ರಿ ಲಾಟೀನು ಹಿಡಿದು ತೂಬಿನ ಬಳಿ ಕುಳಿತ ಅನುಭವ ನಮ್ಮಲ್ಲನೇಕರಿಗೆ ಇದೆ. ನೆರೆಯವನು ಹತ್ತು ನಿಮಿಷ ಹೆಚ್ಚು ತಿರುಗಿಸಿಕೊಂಡನೆಂದು ಜಗಳವಾಗುವುದೂ ಗೊತ್ತು. ಎಲ್ಲರೂ ಕಣ್ಣಾರೆ ನೋಡಬಹುದಾದ, ಯಾರ ಪಕ್ಷವನ್ನೂ ವಹಿಸದ ಒಂದು ಅಳತೆ ಅಂಥಲ್ಲಿ ಎಷ್ಟು ಜಗಳವನ್ನು ತಪ್ಪಿಸಿದ್ದೀತೆಂದು ಊಹಿಸಿಕೊಳ್ಳಬಹುದು.

ಬಟ್ಟಲು ಅಟ್ಟ ಸೇರಿದ್ದು ಯಾಕೆ?

ರೈಲು ಬಂತು, ತಂತಿ ಬಂತು. ಊರಿಗೊಂದು ಹೊತ್ತು ಇದ್ದರೆ ನಡೆಯದಾಯಿತು. 1906ರ ಜನವರಿ 1ರಿಂದ ಭಾರತದ ಒಂದೇ ಪ್ರಮಾಣ ಕಾಲ ಜಾರಿಗೆ ಬಂತು. ಗಳಿಗೆಯ ಲೆಕ್ಕ ಆಯಾ ಊರಿನ ಸೂರ್ಯೋದಯದಿಂದ ಆರಂಭವಾಗುತ್ತದೆ. ಗಂಟೆಯ ಲೆಕ್ಕ ಇಡೀ ದೇಶಕ್ಕೆ ಒಂದೇ. ಕಚೇರಿ, ಶಾಲೆ, ಬಸ್ಸು, ಮಂಡಿಯ ವ್ಯಾಪಾರ ಎಲ್ಲವೂ ಗಂಟೆಗೆ ಒಗ್ಗಿಕೊಂಡವು. 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆರಂಭವಾದ ಮೇಲೆ ಸಾಮಾನ್ಯ ರೈತನ ಮಣಿಕಟ್ಟಿಗೂ ಗಡಿಯಾರ ಬಂತು. ಮದುವೆಯಲ್ಲಿ ಶಾಸ್ತ್ರಕ್ಕೆಂದು ಗಳಿಗೆ ಬಟ್ಟಲು ಇಡುವ ಮನೆಗಳು ಕೆಲವು ಉಳಿದವು. ಉಳಿದೆಡೆ ಬಟ್ಟಲು ಅಟ್ಟಕ್ಕೇರಿತು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಹೆಸರೂ ಮರೆತುಹೋಯಿತು. ಹೆಸರು ಮರೆತ ವಸ್ತುವಿಗೆ ತೂಕದ ಬೆಲೆ ಮಾತ್ರ ಉಳಿಯುತ್ತದೆ.

ಎಚ್ಚರ: ಅಕ್ಕಿ ಎಳೆಯುವ ಪಾತ್ರೆಯ ಮೋಸ

ಗುಜರಿಯಲ್ಲಿ ಹೋಗುವುದು ಒಂದು ನಷ್ಟ. ಅದಕ್ಕಿಂತ ಹತ್ತು ಪಾಲು ದೊಡ್ಡ ನಷ್ಟ ಇನ್ನೊಂದಿದೆ. 'ರೈಸ್ ಪುಲ್ಲಿಂಗ್' ಎಂಬ ಹೆಸರಿನ ವಂಚನೆಯನ್ನು ಕರ್ನಾಟಕದ ಪೊಲೀಸರು ಹಲವು ಸಲ ಬಯಲಿಗೆಳೆದಿದ್ದಾರೆ. ಹಳೆಯ ತಾಮ್ರದ ಪಾತ್ರೆಯೇ ಅದರ ಬಂಡವಾಳ.

ಅದರ ರೀತಿ ಹೀಗೆ. ಅಪರಿಚಿತರು ಬಂದು ಹಳೆಯ ತಾಮ್ರದ ಚೊಂಬು, ಬಟ್ಟಲು ಇದೆಯೇ ಎಂದು ವಿಚಾರಿಸುತ್ತಾರೆ. ಸಿಡಿಲು ಬಡಿದ ತಾಮ್ರದಲ್ಲಿ ಇರಿಡಿಯಂ ಎಂಬ ಲೋಹ ಹುಟ್ಟಿದೆ, ಅದು ಅಕ್ಕಿಯ ಕಾಳನ್ನು ಎಳೆಯುತ್ತದೆ, ವಿದೇಶದ ಬಾಹ್ಯಾಕಾಶ ಸಂಸ್ಥೆಗಳು ಕೋಟಿಗಟ್ಟಲೆ ಕೊಡುತ್ತವೆ ಎಂದು ನಂಬಿಸುತ್ತಾರೆ. ಬಳಿಕ 'ವಿಜ್ಞಾನಿ' ಬರಬೇಕು, ಪರೀಕ್ಷೆಗೆ ವಿಶೇಷ ಉಡುಪು ಬೇಕು, ರಾಸಾಯನಿಕ ಬೇಕು ಎಂದು ಲಕ್ಷಗಟ್ಟಲೆ ಹಣವನ್ನು ಕಂತು ಕಂತಾಗಿ ಕೀಳುತ್ತಾರೆ. ಕೆಲವೊಮ್ಮೆ ಪಾತ್ರೆಯನ್ನು ಅವರೇ ತಂದು, ಪಾಲಿಗೆ ಹಣ ಹಾಕಿ ಎನ್ನುತ್ತಾರೆ.

ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಇರಿಡಿಯಂ ಎಂಬುದು ನಿಜವಾದ ಒಂದು ಅಪರೂಪದ ಲೋಹವೇ. ಆದರೆ ಅದೂ ಅಕ್ಕಿಯನ್ನು ಎಳೆಯುವುದಿಲ್ಲ, ಸಿಡಿಲು ಬಡಿದರೆ ತಾಮ್ರದಲ್ಲಿ ಅದು ಹುಟ್ಟುವುದೂ ಇಲ್ಲ. ಕಾಳು ಚಲಿಸಿದ್ದನ್ನು ಕಣ್ಣಾರೆ ಕಂಡೆವು ಎನ್ನುವವರು ಕಂಡದ್ದು ಕಬ್ಬಿಣದ ಪುಡಿ ಸವರಿದ ಅಕ್ಕಿಯನ್ನು ಮತ್ತು ಪಾತ್ರೆಯಲ್ಲಿ ಮರೆಮಾಡಿದ ಅಯಸ್ಕಾಂತವನ್ನು. ನಿಮ್ಮ ಮನೆಯ ಅಕ್ಕಿಯನ್ನೇ ಹಾಕಿ ನೋಡಿ, ಒಂದು ಕಾಳೂ ಕದಲುವುದಿಲ್ಲ. ಇಂಥವರು ಬಂದರೆ ಹಣ ಕೊಡಬೇಡಿ, ಪಾತ್ರೆ ಕೊಡಬೇಡಿ, ಹತ್ತಿರದ ಠಾಣೆಗೆ ತಿಳಿಸಿ. 112ಕ್ಕೆ ಫೋನ್ ಮಾಡಿದರೂ ಸರಿ. ಅಡಿಕೆ ಮಾರಿದ ಹಣ ಕೈಗೆ ಬಂದ ತಿಂಗಳಲ್ಲಿ ಇಂಥವರ ಓಡಾಟಕ್ಕೆ ವಿಶೇಷವಾಗಿ ಕಣ್ಣಿಟ್ಟಿರಬೇಕು.

ಗಳಿಗೆ ಬಟ್ಟಲಿಗೆ ಬೆಲೆಯಿಲ್ಲವೆಂದಲ್ಲ. ಆ ಬೆಲೆ ಅದರ ತಾಮ್ರದಲ್ಲಿಲ್ಲ, ಯಾವ ಮಾಯೆಯಲ್ಲಿಯೂ ಇಲ್ಲ. ಅದು ಮಾಡುತ್ತಿದ್ದ ಕೆಲಸದಲ್ಲಿದೆ.

ಕಾನೂನು ತಿಳಿದಿರಲಿ

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳ 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತು, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿ ಪುರಾವಸ್ತುವಿನ ಸಾಲಿಗೆ ಸೇರುತ್ತವೆ. ಇವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಇವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ವಿಗ್ರಹ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿ ಮುಂತಾದ ಕೆಲವು ಬಗೆಯವನ್ನು ಹೊಂದಿದವರು ನೋಂದಣಿ ಮಾಡಿಸಬೇಕಾಗುತ್ತದೆ. ಆದುದರಿಂದ 'ಹಳೇ ಸಾಮಾನಿಗೆ ಒಳ್ಳೆ ದುಡ್ಡು' ಎಂದು ಕಾರಿನಲ್ಲಿ ಬರುವವರನ್ನು ಮೊದಲು ಪರವಾನಗಿ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಅಟ್ಟದಲ್ಲಿ ಸಿಕ್ಕ ಮನೆಯ ವಸ್ತುವೇ ಬೇರೆ, ನೆಲದಲ್ಲಿ ಹೂತದ್ದೇ ಬೇರೆ. ಪಾಯ ತೆಗೆಯುವಾಗ, ತೋಟದಲ್ಲಿ ಬಸಿಗಾಲುವೆ ತೋಡುವಾಗ ಹೂತಿಟ್ಟ ನಾಣ್ಯ, ಪಾತ್ರೆ, ವಿಗ್ರಹ ಸಿಕ್ಕರೆ ರಾಜ್ಯದ 1962ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕರ್ತವ್ಯ.

ಉಳಿಸಿಕೊಳ್ಳುವುದು ಹೇಗೆ?

ಬಟ್ಟಲನ್ನು ಒಣಗಿಸಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಜಾಗದಲ್ಲಿಡಿ. ಗೊಬ್ಬರದ ಚೀಲ, ಮೈಲುತುತ್ತದ ಡಬ್ಬಗಳಿರುವ ಕೋಣೆ ಬೇಡ. ಅದಕ್ಕಿಂತ ಮುಖ್ಯವಾದದ್ದು, ಒಂದು ಹಾಳೆಯಲ್ಲಿ ಅದರ ಸಂಗತಿಯನ್ನು ಬರೆದಿಡುವುದು. ಯಾರ ಕಾಲದ್ದು, ಯಾವ ಊರಿನ ಮನೆಯಿಂದ ಬಂತು, ಬಾಯಿಯ ಅಗಲ, ಎತ್ತರ, ತೂಕ, ಮುಳುಗಲು ತೆಗೆದುಕೊಂಡ ನಿಮಿಷ, ಯಾವ ಸಂದರ್ಭದಲ್ಲಿ ಬಳಸಿದ್ದನ್ನು ಯಾರು ಕಂಡಿದ್ದಾರೆ. ಎಂಬತ್ತು ದಾಟಿದ ಅಜ್ಜಿ ಮನೆಯಲ್ಲಿದ್ದರೆ ಇಂದೇ ಕೇಳಿ. ವಸ್ತು ನೂರು ವರ್ಷ ಕಾದೀತು, ಅದರ ಕತೆ ಕಾಯುವುದಿಲ್ಲ.

ಮನೆಯಲ್ಲಿ ಇಡಲಾಗದಿದ್ದರೆ ಸಂಗ್ರಹಾಲಯಗಳುಂಟು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಸರ್ಕಾರಿ ವಸ್ತು ಸಂಗ್ರಹಾಲಯವಿದೆ, ಅಲ್ಲಿ ವಿಚಾರಿಸಬಹುದು. ಮನೆಬಳಕೆಯ ಸಾಮಾನು ಸಂಗ್ರಹಾಲಯಕ್ಕೆ ತಕ್ಕುದಲ್ಲವೆಂಬ ಸಂಕೋಚ ಬೇಡ. ಮೈಸೂರು ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಜಾನಪದ ವಸ್ತು ಸಂಗ್ರಹಾಲಯ ಆರಂಭವಾದಾಗ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಊರೂರು ಅಲೆದು ಕೂಡಿಸಿದ್ದು ಹಳ್ಳಿಯ ಮನೆಗಳ ಇಂಥ ವಸ್ತುಗಳನ್ನೇ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿಯೂ ಇರುವುದು ಒರಳು, ಬೀಸುಕಲ್ಲು, ಕೊಳಗಗಳೇ. ಪುಣೆಯ ದಿನಕರ ಕೇಳ್ಕರ್ ಅವರು ದೀಪ, ಅಡಕತ್ತರಿ, ಪಾತ್ರೆ ಎಂದು ಒಂದೊಂದಾಗಿ ಕೂಡಿಸಿದ ಸಂಗ್ರಹವನ್ನು 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಅಹಮದಾಬಾದಿನಲ್ಲಿ 1981ರಲ್ಲಿ ಬರಿಯ ಪಾತ್ರೆಗಳಿಗೆಂದೇ ಒಂದು ಸಂಗ್ರಹಾಲಯ ತೆರೆಯಿತು. ನಾವು ಕೆಜಿ ಲೆಕ್ಕದಲ್ಲಿ ಮಾರುವ ಅಡಕತ್ತರಿಯನ್ನು ಜನ ಟಿಕೆಟ್ಟು ತೆಗೆದು ನೋಡುತ್ತಾರೆ.

ಇಲ್ಲಿ ಹೇಳಿದ ವಿಚಾರಣೆಯ ಕ್ರಮ ಗಳಿಗೆ ಬಟ್ಟಲಿಗೆ ಮಾತ್ರವಲ್ಲ, ಹೆಸರು ಗೊತ್ತಿಲ್ಲದ ಯಾವ ಹಳೆಯ ವಸ್ತುವಿಗೂ ಸಲ್ಲುತ್ತದೆ. ಎಲ್ಲಿ ಸವೆದಿದೆ ನೋಡಿ. ಕೈ ಹಿಡಿದ ಜಾಗ ಸವೆತದಿಂದಲೇ ತಿಳಿಯುತ್ತದೆ. ತೂತು, ಬಳೆ, ಗೀರುಗಳಿಗೆ ಕಾರಣ ಹುಡುಕಿ. ಅಳತೆಯ ಪಾತ್ರೆ ಎನ್ನಿಸಿದರೆ ನೀರು ತುಂಬಿ ಅಳೆಯಿರಿ. ಬೆರಳುದ್ದದ ಕೊಳವೆಯೂ ಅದರೊಳಗೆ ಆಡುವ ಸಲಾಕೆಯೂ ಸಿಕ್ಕರೆ ಅದು ಹಲ್ಲಿಲ್ಲದ ಹಿರಿಯರ ಎಲೆಅಡಿಕೆ ಕುಟ್ಟಾಣಿಯೇ ಎಂದು ಮೂಸಿ ನೋಡಿದರೂ ಗೊತ್ತಾದೀತು. ಇಷ್ಟಾದರೂ ತಿಳಿಯದಿದ್ದರೆ ಊರಿನ ಹಿರಿಯರ ಮುಂದೆ, ಹಳೆಯ ಕಂಚುಗಾರರ ಮುಂದೆ ಇಡಿ.

ಮನೆ ಇಳಿಸುವ ಯೋಜನೆಯಿರುವ ಸದಸ್ಯರಲ್ಲಿ ನಮ್ಮ ಬಿನ್ನಹ ಇಷ್ಟೇ. ಗುಜರಿಯವನನ್ನು ಕರೆಯುವುದಕ್ಕೆ ಒಂದು ವಾರ ಮೊದಲು ಅಟ್ಟದ ಸಾಮಾನನ್ನು ಅಂಗಳದಲ್ಲಿ ಹರವಿ, ಮನೆಯ ಹಿರಿಯರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಕೂರಿಸಿಕೊಂಡು ಒಂದೊಂದನ್ನೇ ಕೈಗೆತ್ತಿ ನೋಡಿ. ನಡುವೆ ತೂತಿನ ತಾಮ್ರದ ಬಟ್ಟಲು ಸಿಕ್ಕರೆ, ಒಂದು ಪಾತ್ರೆ ನೀರು ತನ್ನಿ. ಅರ್ಧ ಗಂಟೆಗಿಂತ ಕಡಿಮೆ ಹೊತ್ತಿನ ಕೆಲಸ.